ಎಂಟು ತೋಳ, ಒಬ್ಬ ಭಾವ

ಹೊಸಬರಿಗೆ ಫೈಟರ್ ಕೊಡಿ, ಸುಲಭ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವವರ ಬಾಯಲ್ಲಿ ಸದಾ ಇರುವ ಮಾತಿದು. ನಾನೂ ಹೇಳುತ್ತಿದ್ದೆ. ಹಾಗೆ ಹೇಳಿಯೇ ನಮ್ಮ ಭಾವನನ್ನು ಎರಡು ತಿಂಗಳು ಗೋಳಾಡಿಸಿದೆ. ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಭಾವ ಬಂದದ್ದು ಮಗನ ಕಾಟ ತಡೆಯಲಾರದೆ. ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯಲ್ಲಿ ಆಟ, ಆಡಿಸುವ ಡಿಎಂ ನಾನು. ಮಗ ಡ್ರೂಯಿಡ್ ಬೇಕೆಂದು ಹಟ ಹಿಡಿದ, ಕೊಟ್ಟೆ. ಭಾವನಿಗೆ ಏನು ಬೇಕೆಂದು ಕೇಳಲೇ ಇಲ್ಲ. ಫೈಟರ್, ಅದರಲ್ಲೂ ಚಾಂಪಿಯನ್ ಎಂದು ನಾನೇ ಬರೆದುಕೊಟ್ಟೆ. ಆಟದ 2014ರ ನಿಯಮ ಪುಸ್ತಕದಲ್ಲಿ ಅದಕ್ಕಿಂತ ಸರಳವಾದ್ದು ಸಿಗುವುದು ಕಷ್ಟ. ಮೂರನೇ ಲೆವೆಲ್ಲಿನಲ್ಲಿ ಸಿಗುವ ದೊಡ್ಡ ವರ ಎಂದರೆ, ಇಪ್ಪತ್ತು ಮುಖದ ದಾಳದಲ್ಲಿ 20 ಅಷ್ಟೇ ಅಲ್ಲ, 19 ಬಿದ್ದರೂ ಕ್ರಿಟಿಕಲ್. ಅದಕ್ಕೆ ಆಟಗಾರ ತಲೆ ಓಡಿಸಬೇಕಾದ್ದೇನೂ ಇಲ್ಲ. ಬಿದ್ದರೆ ಬಿತ್ತು.

ಪಾತ್ರಗಳ ನಡುವಿನ ಬ್ಯಾಲೆನ್ಸ್ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ, ಎಕ್ಸೆಲ್ ಹಾಳೆ ಮಾಡಿಟ್ಟಿದ್ದೆನಲ್ಲ! ವಿಜರ್ಡ್‌ನ ಫೈರ್‌ಬಾಲ್ ಸರಾಸರಿ 28 ಪೆಟ್ಟು, ಆದರೆ ಐದನೇ ಲೆವೆಲ್ಲಿನಲ್ಲಿ ದಿನಕ್ಕೆ ಎರಡು ಮೂರು ಸಲ ಮಾತ್ರ. ಫೈಟರ್ ಕತ್ತಿ ಬೀಸುತ್ತಲೇ ಇರಬಹುದು. ಸಂಜೆಯ ಹೊತ್ತಿಗೆ ಸರಿಸಮ. ಲೆಕ್ಕ ತಪ್ಪಿರಲಿಲ್ಲ, ನಾನು ಲೆಕ್ಕ ಹಾಕಿದ ವಸ್ತುವೇ ತಪ್ಪು.

ಒಂದು ಭಾನುವಾರ ಆಟದಲ್ಲಿ ಸೇತುವೆಯ ಮೇಲೆ ಓಗರ್ ಎಂಬ ದೈತ್ಯ ಅಡ್ಡ ನಿಂತಿತ್ತು. ಹಿಂದಿನ ವಾರ ಭಾವನ ಗುರಾಣಿ ಮುರಿದದ್ದು ಅದೇ ಓಗರ್. ವಾರವಿಡೀ ಫೋನಿನಲ್ಲಿ "ಅದನ್ನ ನನಗೇ ಬಿಡಪ್ಪ" ಅಂದಿದ್ದರು. ಸರದಿ ತೀರ್ಮಾನಿಸುವ ಇನಿಶಿಯೇಟಿವ್‌ನಲ್ಲಿ ಮಗ ಮೊದಲು, ಅಪ್ಪ ಕೊನೆಗೆ. ಮಗ ಆಗಷ್ಟೇ ಕಲಿತ ಮಂತ್ರ ಹಾಕಿ ಎಂಟು ತೋಳಗಳನ್ನು ಕರೆದ. ಒಂದೊಂದು ತೋಳಕ್ಕೂ ಅದರದೇ ಏಟು. ಗುಂಪಿನಲ್ಲಿ ಬೇಟೆಯಾಡುವ ಪ್ರಾಣಿಯಾದ್ದರಿಂದ ಪ್ರತಿ ಏಟಿಗೂ ಎರಡೆರಡು ದಾಳ ಎಸೆದು ದೊಡ್ಡದನ್ನು ಹಿಡಿಯಬೇಕು. ಅಲ್ಲಿಗೆ ಹದಿನಾರು. ಕಚ್ಚಿದರೆ ಪೆಟ್ಟಿನ ದಾಳ ಬೇರೆ. ಕಚ್ಚಿಸಿಕೊಂಡ ಓಗರ್ ಮುಗ್ಗರಿಸುತ್ತದೋ ಇಲ್ಲವೋ ಎಂದು ನಾನೊಂದು ದಾಳ ಎಸೆಯಬೇಕು. ಒಟ್ಟಿಗೆ ಎಸೆದು ಮುಗಿಸೋ ಅಂದರೆ ನಮ್ಮ ಹುಡುಗ ಕೇಳಬೇಕಲ್ಲ! ಪ್ರತಿ ತೋಳಕ್ಕೂ ಹೆಸರಿಟ್ಟು, ಎಲ್ಲಿಂದ ಬಂತು, ಎಲ್ಲಿಗೆ ಬಾಯಿ ಹಾಕಿತು ಎಂದು ವರ್ಣಿಸುತ್ತಾ ಹೋದ. ಐದನೇ ತೋಳದ ಹೊತ್ತಿಗೆ ಭಾವ ಚಕ್ಕುಲಿ ಡಬ್ಬ ಖಾಲಿ ಮಾಡಿದ್ದರು. ಆರನೆಯದಕ್ಕೆ ಕನ್ನಡಕ ಒರೆಸಿದರು. ಏಳನೆಯದು ಕಚ್ಚಿದಾಗ ಓಗರ್‌ನ 59 ಹಿಟ್ ಪಾಯಿಂಟ್ ಮುಗಿದೇ ಹೋಯಿತು. ಉಳಿದವರೆಲ್ಲ ಚಪ್ಪಾಳೆ ತಟ್ಟಿದರು.

ಇಪ್ಪತ್ತು ನಿಮಿಷ ದಾಟಿತ್ತು. "ಭಾವ, ನಿಮ್ಮ ಸರದಿ" ಅಂದೆ.

ಅವರು ಮ್ಯಾಪ್ ನೋಡಿದರು. ಹೊಡೆಯಲು ಯಾರೂ ಉಳಿದಿಲ್ಲ. "ಮೂವತ್ತು ಅಡಿ ಮುಂದೆ ನಡೀತೀನಿ" ಎಂದು ಬೊಂಬೆಯನ್ನು ಸರಿಸಿ, "ಅಷ್ಟೇನಾ ನಂದು?" ಅಂದರು. ಅದರಲ್ಲಿ ಸಿಟ್ಟೇ ಇರಲಿಲ್ಲ, ಅದೇ ನನಗೆ ಚುಚ್ಚಿದ್ದು. ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿ ತಂದರು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ.

ತಪ್ಪು ಹುಡುಗನದು ಎಂದೇ ಕೆಲವು ದಿನ ವಾದಿಸಿದೆ. ಸ್ವಲ್ಪ ಅವನದೂ ಹೌದು, ಬಿಡಿ. "ಇಸ್ಪೀಟಿಗೆ ಕೂತ್ರೆ ಯಾರ ಕೈಲಿ ಯಾವ ಎಲೆ ಇದೆ ಅಂತ ಹೇಳೋರು ಅವರು. ಅಂಥೋರಿಗೆ ಸುಮ್ನೆ ದಾಳ ಎಸೀರಿ ಅಂದ್ಯಲ್ಲೋ" ಎಂದು ಅಕ್ಕ ಉಗಿದ ಮೇಲೆ ಬಾಯಿ ಮುಚ್ಚಿಕೊಂಡೆ. ಹೊಸಬ ಎಂದರೆ ಲೆಕ್ಕ ಬಾರದವನು ಎಂದುಕೊಂಡಿದ್ದೆ. ಕಾಗದ ಪತ್ರ ಕಂಡರಾಗದ ಹುಡುಗನ ಕೈಗೆ ಇಡೀ ಪ್ರಾಣಿಸಂಗ್ರಹಾಲಯ ಒಪ್ಪಿಸಿದ್ದೆ.

ಒಬ್ಬರಿಗೆ ಆಯ್ಕೆಗಳ ರಾಶಿ, ಇನ್ನೊಬ್ಬರಿಗೆ ಬರೀ ದಾಳ, ಈ ತಾಪತ್ರಯ ಹಳೆಯದು. 1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ತಂದ ಮೊದಲ ಆಟದಲ್ಲಿ ಇದ್ದದ್ದೇ ಮೂರು ಕ್ಲಾಸ್, ಅಂದರೆ ಮೂರು ಬಗೆಯ ಪಾತ್ರ, ಆಗಲೂ ಮಂತ್ರವಾದಿಗೆ ಪಟ್ಟಿ, ಯೋಧನಿಗೆ ಕತ್ತಿ. 2008ರ ನಾಲ್ಕನೇ ಆವೃತ್ತಿ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಿತು, ಆಗ ಎಲ್ಲರೂ ಒಂದೇ ಥರ ಎಂದು ಜನ ಗೊಣಗಿದರು. 2024ರ ಪುಸ್ತಕದಲ್ಲಿ ಆ ತೋಳದ ಮಂತ್ರವನ್ನೇ ಬದಲಿಸಿದ್ದಾರೆ, ಈಗ ಬರುವುದು ಇಡೀ ಹಿಂಡು, ಒಂದೇ ಗುಂಪಾಗಿ. ಓದಿ ನನಗೆಷ್ಟು ಸಮಾಧಾನವಾಯಿತು ಎಂದರೆ, ಅಕ್ಕನಿಗೂ ತೋರಿಸಿದೆ. ಅವಳು ನೋಡಲಿಲ್ಲ.

ನಾನು ಮಾಡಿದ್ದಿಷ್ಟು. ಭಾವನ ಮನೆಗೆ ಹೋಗಿ, ಅದೇ ಫೈಟರನ್ನು ಚಾಂಪಿಯನ್ ಬದಲು ಬ್ಯಾಟಲ್ ಮಾಸ್ಟರ್ ಮಾಡಿಕೊಟ್ಟೆ. ಎಂಟು ಮುಖದ ದಾಳ ನಾಲ್ಕು, ಪಟ್ಟು ಮೂರು. ಯಾವುದನ್ನು ಯಾವಾಗ ಖರ್ಚು ಮಾಡಬೇಕು ಎಂಬುದು ಅವರ ಕೈಯಲ್ಲಿ. ಅದರಲ್ಲೊಂದು ಪಟ್ಟು ರಿಪೋಸ್ಟ್: ಶತ್ರುವಿನ ಏಟು ತಪ್ಪಿದರೆ, ಆ ಸರದಿ ಯಾರದೇ ಆಗಿರಲಿ, ತಿರುಗಿ ಹೊಡೆಯಬಹುದು. ಭಾವ ಈಗ ಬೇರೆಯವರ ಸರದಿಯಲ್ಲೂ ಚಕ್ಕುಲಿ ಕೆಳಗಿಟ್ಟು ಮ್ಯಾಪನ್ನೇ ನೋಡುತ್ತಿರುತ್ತಾರೆ. ಹೊಸಬರು ಯಾರೇ ಬಂದರೂ ಮನೆಯಲ್ಲಿ ಏನು ಆಡುತ್ತೀರಿ ಎಂದು ಮೊದಲು ಕೇಳುತ್ತೇನೆ. ಟೇಬಲ್ ಮೇಲೆ ಮೂರು ನಿಮಿಷದ ಮರಳು ಗಡಿಯಾರವನ್ನೂ ಇಟ್ಟಿದ್ದೇನೆ.

ಹುಡುಗನಿಗೆ ಎಂಟು ತೋಳ ಬಂದ್. ನಾವು ಆಡುವ 2014ರ ಪುಸ್ತಕದ ಅದೇ ಮಂತ್ರದಲ್ಲಿ ಎರಡು ದೊಡ್ಡ ತೋಳ ಕರೆಯಲು ಅವಕಾಶವಿದೆ, ಅಷ್ಟೇ ಬಿಟ್ಟಿದ್ದೇನೆ. "ಮಾವ, ಅಪ್ಪನಿಗೋಸ್ಕರ ನೀವು ಮೋಸ ಮಾಡ್ತಿದ್ದೀರ" ಎಂದು ಅವನು ಪ್ರತಿ ವಾರ ಶುರುಮಾಡುತ್ತಾನೆ. ಎರಡಕ್ಕೂ ಹೆಸರಿಟ್ಟಿದ್ದಾನೆ.