ನೋವಿಗೂ ಒಂದು ಲೆಕ್ಕವಿರಲಿ

ಪದೇ ಪದೇ ತಲೆನೋವು ಕಾಡುತ್ತಿದೆಯೇ? ಮೊಬೈಲ್‌ನಲ್ಲಿ ಅದರ ಲೆಕ್ಕ ಬರೆದಿಡಿ. ಇದಕ್ಕೆಂದೇ ಆ್ಯಪ್‌ಗಳಿವೆ, ಎಕ್ಸೆಲ್ ಹಾಳೆಯಾದರೂ ಸರಿ. ನೋವೇ ಇಲ್ಲದಿದ್ದರೆ 0, ತಡೆಯಲಾರದಷ್ಟಿದ್ದರೆ 10 ಎಂದು ಅಂಕ ಕೊಡಿ. ಶುರುವಾದ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ತಪ್ಪಿದ ಊಟ, ಮುಟ್ಟಿನ ದಿನ, ನುಂಗಿದ ಮಾತ್ರೆ ಎಲ್ಲವೂ ದಾಖಲಾಗಲಿ. ನೋವಿಲ್ಲದ ದಿನವನ್ನೂ ಬಿಡಬೇಡಿ. ಗಂಟೆಗೊಮ್ಮೆ ಅಳೆಯುವುದು ಬೇಡ, ಮಲಗುವ ಮುನ್ನ ಒಮ್ಮೆ ಬರೆದರೆ ಸಾಕು.

ಮಾತ್ರೆಯ ಲೆಕ್ಕವನ್ನಂತೂ ಗಮನವಿಟ್ಟು ನೋಡಿ. ಪ್ಯಾರಾಸಿಟಮಾಲ್‌ನಂಥ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದರೆ ಆ ಗುಳಿಗೆಯೇ ತಲೆನೋವು ತರಬಹುದು. ಈ ದಾಖಲೆಯನ್ನು ವೈದ್ಯರಿಗೆ ತೋರಿಸಿ. ಆದರೆ ಹಠಾತ್ತನೆ ಸಿಡಿಲಿನಂತೆ ಎರಗಿದ ತಲೆನೋವಿಗೆ ಅಂಕ ಹಾಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.