ಸಂಘಕ್ಕೆ ಗಣಕಯಂತ್ರ: ಪ್ರೊಸೆಸರ್ ಆರಿಸುವ ಬಗೆ



ಹಾಲಿನ ತೂಕ, ಜಿಡ್ಡು, ಎಸ್.ಎನ್.ಎಫ್. ಮತ್ತು ದರ ಬರೆದಿಡುವ ಗಣಕಯಂತ್ರ ಹಳತಾದಾಗ ಹೊಸದನ್ನು ಕೊಳ್ಳುವ ವಿಷಯ ಆಡಳಿತ ಮಂಡಳಿಯ ಸಭೆಗೆ ಬರುತ್ತದೆ. ಆ ಹಣ ನಿಮ್ಮ ಹಾಲಿನಿಂದ ಬಂದದ್ದು. ಆದುದರಿಂದ ದರಪಟ್ಟಿಯನ್ನು ಓದುವ ಬಗೆ ಕಾರ್ಯದರ್ಶಿಗಳಿಗಷ್ಟೇ ಅಲ್ಲ, ಸದಸ್ಯರಿಗೂ ತಿಳಿದಿರಬೇಕು. ಪಶುವೈದ್ಯನಿಗೇಕೆ ಈ ಉಸಾಬರಿ ಎಂದು ಕೇಳಬಹುದು. ದನ ಕೊಳ್ಳುವ ಜಾಣತನವೇ ಇಲ್ಲಿಯೂ ಬೇಕಾಗುತ್ತದೆ.

ತಳಿಯ ಹೆಸರು ಕೇಳಿದ ಮಾತ್ರಕ್ಕೆ ಯಾರೂ ಹಸು ಕೊಳ್ಳುವುದಿಲ್ಲ. ಹಲ್ಲು ನೋಡುತ್ತೇವೆ, ಎಷ್ಟನೇ ಸೂಲು ಎಂದು ವಿಚಾರಿಸುತ್ತೇವೆ. ಗಣಕಯಂತ್ರದ ಮಿದುಳಾದ ಪ್ರೊಸೆಸರಿಗೂ ಹಲ್ಲು ಇದೆ. ಅದೇ ಹೆಸರಿನ ಮುಂದಿನ ಸಂಖ್ಯೆ. ಇಂಟೆಲ್ ಕೋರ್ ಐ7-2600 ಎಂಬಲ್ಲಿ 2 ಎಂದರೆ ಎರಡನೇ ತಲೆಮಾರು, 2011ರ ಸರಕು. ಐ3-12100 ಎಂಬಲ್ಲಿ 12 ಎಂದರೆ ಹನ್ನೆರಡನೆಯದು, 2022ರದು. ಎರಡರಲ್ಲಿಯೂ ಕೋರ್‌ಗಳು 4. ಆದರೆ ಐ3 ಎಂಬ ಸಣ್ಣ ಹೆಸರಿನದೇ ಬಹಳ ಚುರುಕು. ಹಳೆಯದು 95 ವ್ಯಾಟಿನ ದರ್ಜೆಯದು, ಹೊಸದು 60 ವ್ಯಾಟಿನದು. 'ಐ7 ಅಗ್ಗಕ್ಕೆ ಕೊಡುತ್ತೇವೆ' ಎಂದವರಿಂದ ಪೂರ್ತಿ ಸಂಖ್ಯೆಯನ್ನು ಬರೆಸಿಕೊಳ್ಳಿರಿ. ಎರಡನೇ ತಲೆಮಾರಿನದು ವಿಂಡೋಸ್ 11ರ ಪಟ್ಟಿಯಲ್ಲಿಯೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಇನ್ನು ಸಂಘದ ಕೆಲಸವೆಷ್ಟು? 200 ಜನ ಎರಡು ಹೊತ್ತು ಹಾಲು ಹಾಕಿದರೆ ದಿನಕ್ಕೆ 400 ಚೀಟಿ, ವರ್ಷಕ್ಕೆ 1,46,000. ಇದು ನಮಗೆ ದೊಡ್ಡ ಲೆಕ್ಕ, ಪ್ರೊಸೆಸರಿಗೆ ಏನೂ ಅಲ್ಲ. ಬೆಳಗಿನ ಸಾಲು ನಿಧಾನವಾಗುವುದು ಹಾಲು ಪರೀಕ್ಷಾ ಯಂತ್ರದ ಬಳಿ. ಒಂದು ಮಾದರಿಗೆ ಅದು ಅರ್ಧ ನಿಮಿಷವನ್ನೋ ಒಂದು ನಿಮಿಷವನ್ನೋ ತೆಗೆದುಕೊಳ್ಳುತ್ತದೆ. ದುಬಾರಿ ಪ್ರೊಸೆಸರ್ ಹಾಕಿದರೂ ಆ ಸಾಲು ಕರಗದು. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಹೊಸ ತಲೆಮಾರಿನ ಐ3 ದರ್ಜೆಯದು ಧಾರಾಳವಾಗಿ ಸಾಕು. ಉಳಿದ ಹಣದಲ್ಲಿ 8 ಜಿಬಿ ರ‍್ಯಾಮ್, ಎಸ್.ಎಸ್.ಡಿ. ಮತ್ತು ಒಳ್ಳೆಯ ಯುಪಿಎಸ್ ಕೊಳ್ಳಿರಿ. ಯಂತ್ರ ತೆರೆದುಕೊಳ್ಳಲು ಹಿಡಿಯುವ ಹೊತ್ತನ್ನು ಹೆಚ್ಚಾಗಿ ಕಡಿಮೆ ಮಾಡುವುದು ಎಸ್.ಎಸ್.ಡಿ.ಯೇ. ಹಾಲು ಅಳೆಯುವಾಗಲೇ ಕರೆಂಟು ಹೋದರೆ ಆ ಹೊತ್ತಿನ ಲೆಕ್ಕ ಉಳಿಸುವುದು ಯುಪಿಎಸ್.

ಸಂಖ್ಯೆಯ ಕೊನೆಯ ಅಕ್ಷರವನ್ನೂ ನೋಡಿರಿ. ಐ3-12100ಎಫ್ ಸ್ವಲ್ಪ ಅಗ್ಗವಾಗಿ ಸಿಗುತ್ತದೆ, ಆದರೆ ಅದರಲ್ಲಿ ಚಿತ್ರ ತೋರಿಸುವ ಭಾಗವಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕದ ಹೊರತು ಪರದೆ ಕಪ್ಪಾಗಿಯೇ ಇರುತ್ತದೆ, ಉಳಿಸಿದ ಹಣ ಅಲ್ಲಿಗೇ ಹೋಯಿತು. ಎ.ಎಂ.ಡಿ. ಕಂಪನಿಯ ರೈಜನ್ 5600ಜಿ ಎಂಬುದರಲ್ಲಿ ಆ ಭಾಗವಿದೆ, ಬರೀ 5600 ಎಂಬುದರಲ್ಲಿ ಇಲ್ಲ. ತೂಕದ ಯಂತ್ರಕ್ಕೆ ಜೋಡಿಸುವ ಸೀರಿಯಲ್ ಪೋರ್ಟ್ ಇದೆಯೇ ಎಂದೂ ಮೊದಲೇ ಕೇಳಿಕೊಳ್ಳತಕ್ಕದ್ದು.

ನಮ್ಮ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾಲುವೆ ಕೆಳಗಿನ ಊರುಗಳಲ್ಲಿ ಭತ್ತದ ರಾಶಿಯ ಕಾಲಕ್ಕೆ ಧೂಳೂ ಹೊಟ್ಟೂ ಫ್ಯಾನಿಗೆ ಮೆತ್ತಿಕೊಳ್ಳುತ್ತವೆ. ತೀರ ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ನೆರಳಿಲ್ಲದ ಹಸು ಮೇವು ಬಿಟ್ಟಂತೆ. ಯಂತ್ರವನ್ನು ಗೋಡೆಗೆ ಒತ್ತಿ ಇಡಬಾರದು. ರಾಶಿ ಮುಗಿದ ಮೇಲೆ ಒಮ್ಮೆ ವಿದ್ಯುತ್ ತೆಗೆದು, ಒಣ ಕುಂಚದಿಂದ ಫ್ಯಾನನ್ನು ಸ್ವಚ್ಛ ಮಾಡಿಸಿರಿ.