ಇನ್ನೊಬ್ಬ ವೈದ್ಯರನ್ನು ಕೇಳಲು ಸಂಕೋಚ ಬೇಡ

ಏಪ್ಲಾಸ್ಟಿಕ್ ಅನೀಮಿಯಾ ಎಂಬ ಹೆಸರನ್ನು ಮನೆಯವರು ಮೊದಲು ಕೇಳುವುದೇ ವೈದ್ಯರ ಬಾಯಿಂದ. ಮೂಳೆಯ ಮಜ್ಜೆ ಬರಿದಾಗಿ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಇಳಿಯುವ ಅಪರೂಪದ ಕಾಯಿಲೆ ಅದು. ಆದರೆ ಮೂರೂ ಕಡಿಮೆಯಾದ ಮಾತ್ರಕ್ಕೆ ಅದೇ ಎಂದುಕೊಳ್ಳಬೇಡಿ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಿ12 ಕೊರತೆಯಲ್ಲೂ ಹೀಗಾಗುತ್ತದೆ, ಅದಕ್ಕೆ ಕೆಲವು ಚುಚ್ಚುಮದ್ದು ಸಾಕಾಗಬಹುದು. ಎಂಡಿಎಸ್ ಎಂಬ ಮಜ್ಜೆಯ ಮತ್ತೊಂದು ರೋಗವಂತೂ ಸೂಕ್ಷ್ಮದರ್ಶಕದಲ್ಲೂ ಇದರಂತೆಯೇ ಕಾಣಬಲ್ಲದು.

ಅದಕ್ಕೇ ಹೆಮಟಾಲಜಿಸ್ಟರನ್ನೇ, ಅಂದರೆ ರಕ್ತರೋಗ ತಜ್ಞರನ್ನೇ ಹುಡುಕಿ. ಮಜ್ಜೆಯ ಕಸಿ ಮಾಡುವ ಆಸ್ಪತ್ರೆಯಲ್ಲಿರುವವರಾದರೆ ಇನ್ನೂ ಒಳ್ಳೆಯದು. ವೆಲ್ಲೂರಿನ ಸಿಎಂಸಿಯಲ್ಲಿ ಇಂಥ ಕಸಿ 1986ರಿಂದ ನಡೆಯುತ್ತಿದೆ. ವರದಿಯ ಕಾಗದವಷ್ಟೇ ಸಾಲದು, ಬಯಾಪ್ಸಿಯ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕನ್ನೂ ಕೇಳಿ ಒಯ್ಯಿರಿ. ಮೊದಲ ವೈದ್ಯರು ಬೇಸರಪಟ್ಟುಕೊಳ್ಳುತ್ತಾರೆಂಬ ಅಳುಕು ಬೇಡ. ಒಳ್ಳೆಯ ವೈದ್ಯರು ತಾವೇ ಪತ್ರ ಬರೆದುಕೊಡುತ್ತಾರೆ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಪ್ರೀತಿಯಿಂದ ಅಣ್ಣನೋ ತಂಗಿಯೋ ರಕ್ತ ಕೊಡಲು ಮುಂದಾಗುತ್ತಾರೆ. ತಡೆಯಿರಿ. ಒಡಹುಟ್ಟಿದ ಪ್ರತಿಯೊಬ್ಬರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ಶೇ. 25, ಮುಂದೆ ಕಸಿಗೆ ಅವರೇ ದಾನಿಯಾಗಬೇಕಾಗಬಹುದು. ಈಗಲೇ ಅವರ ರಕ್ತ ಏರಿಸಿದರೆ ರೋಗಿಯ ದೇಹ ಆ ಮಜ್ಜೆಯನ್ನು ತಿರಸ್ಕರಿಸುವ ಅಪಾಯ ಹೆಚ್ಚುತ್ತದೆ. ಹೊರಗಿನ ದಾನಿಗಳ ರಕ್ತವನ್ನೇ ಪಡೆಯಿರಿ.

ಇನ್ನು, ಜ್ವರ ಬಂದರೆ ತಜ್ಞರ ಭೇಟಿಯ ದಿನಕ್ಕಾಗಿ ಕಾಯಬೇಡಿ. ಆ ರಾತ್ರಿಯೇ ಹತ್ತಿರದ ಆಸ್ಪತ್ರೆಗೆ ಹೊರಡಿ.